ಬುಟ್ಟಿ ಮತ್ತು ಗೂಡು

ಅವ್ವ ಹಾಸನದಿಂದ ಬಂದು ಮೂರು ವಾರವಾಗಿತ್ತು. ನಾವಿರುವ ಪಕೀಪ್ಸಿ ಹಡ್ಸನ್ ನದಿಯ ದಡದ ಸಣ್ಣ ಊರು. ನ್ಯೂಯಾರ್ಕ್ ನಗರದಿಂದ ರೈಲಿನಲ್ಲಿ ಎರಡು ಗಂಟೆ ದಾರಿ. "ಈ ಕಡೆ ನೋಡೋಕೆ ಏನಾದ್ರೂ ಐತೇನೆ?" ಅಂತ ಅವ್ವ ಕೇಳಿದಳು. ಪಕ್ಕದ ಹೈಡ್ ಪಾರ್ಕ್‌ನಲ್ಲಿರುವ ವಾಲ್-ಕಿಲ್‌ಗೆ ಕರೆದುಕೊಂಡು ಹೋದೆ. ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಹೆಂಡತಿ ಎಲೀನರ್ ಬಾಳಿದ ಮನೆ ಅದು.

ಅಧ್ಯಕ್ಷರ ಹೆಂಡತಿಯ ಮನೆ ಅಂದರೆ ಅರಮನೆ ಇರಬೇಕು ಅಂದುಕೊಂಡಿದ್ದಳು ಅವ್ವ. ಒಳಗೆ ಮರದ ಹಲಗೆಯ ಗೋಡೆಗಳು, ಗೋಡೆ ತುಂಬಾ ಫೋಟೋಗಳು, ಒಂದಕ್ಕೊಂದು ಜೋಡಿಯಾಗದ ಕುರ್ಚಿಗಳು. 1949ರಲ್ಲಿ ನೆಹರೂ ಕೂಡ ಹೈಡ್ ಪಾರ್ಕ್‌ಗೆ ಬಂದು ಇವರನ್ನು ಕಂಡು ಹೋಗಿದ್ದರು ಅಂದೆ. ಅವ್ವ ಆ ಕುರ್ಚಿಗಳನ್ನು ಇನ್ನೊಂದು ಸಲ ನೋಡಿದಳು.

"ಈ ಯಮ್ಮಂಗೆ ಸಂಬಳ ಎಷ್ಟು ಕೊಡ್ತಿದ್ರು?"

ಏನೂ ಇಲ್ಲ ಅಂದೆ. ಅಧ್ಯಕ್ಷರ ಹೆಂಡತಿಗೆ ಇಲ್ಲಿ ಸಂಬಳವಿಲ್ಲ. ಸಂವಿಧಾನದಲ್ಲಿ ಅಂಥದ್ದೊಂದು ಹುದ್ದೆಯೇ ಇಲ್ಲ. ಆದರೂ 1933ರಿಂದ 1945ರವರೆಗೆ, ಹನ್ನೆರಡು ವರ್ಷ, ಎಲೀನರ್ ಸುಮ್ನೆ ಕೂರಲಿಲ್ಲ. ಶ್ವೇತಭವನಕ್ಕೆ ಬಂದ ಮೊದಲ ವಾರದಲ್ಲೇ ಪತ್ರಿಕಾಗೋಷ್ಠಿ ಶುರು ಮಾಡಿದರು. ಅದಕ್ಕೆ ಹೆಣ್ಣುಮಕ್ಕಳಿಗೆ ಮಾತ್ರ ಪ್ರವೇಶ. ಆಗ ದೇಶದಲ್ಲಿ ಕೆಲಸಕ್ಕೆ ಬಹಳ ಬರ. ಪತ್ರಿಕೆಯವರು ಖರ್ಚು ಉಳಿಸಲು ಮೊದಲು ಕೈಬಿಡುತ್ತಿದ್ದದ್ದು ಹೆಂಗಸರನ್ನೇ. ಇವರ ಸುದ್ದಿ ಬೇಕು ಅಂದರೆ ಒಬ್ಬ ವರದಿಗಾರ್ತಿ ಇರಲೇಬೇಕು, ಹಾಗಾಗಿ ಎಷ್ಟೋ ಜನರ ಕೆಲಸ ಉಳಿಯಿತು. ನನಗೆ ಇವರ ಮೇಲೆ ಜಾಸ್ತಿ ಗೌರವ ಬಂದದ್ದೇ ಈ ವಿಷಯ ತಿಳಿದಾಗ. ಭಾಷಣ ಮಾಡದೆ, ಬಾಗಿಲಲ್ಲಿ ಒಂದೇ ಒಂದು ನಿಯಮ ಇಟ್ಟು ಕೆಲಸ ಸಾಧಿಸಿದರಲ್ಲ!

ಗಂಡನಿಗೆ 1921ರಲ್ಲಿ ಪೋಲಿಯೋ ಬಂದು ಕಾಲಿನ ಸ್ವಾಧೀನ ಹೋಗಿತ್ತು. ಆತ ನ್ಯೂಯಾರ್ಕ್ ರಾಜ್ಯದ ಗವರ್ನರ್ ಆಗಿದ್ದಾಗ ಆಸ್ಪತ್ರೆ, ಸೆರೆಮನೆಗಳನ್ನು ಒಳಹೊಕ್ಕು ನೋಡಿ ಬರುವುದು ಇವರ ಪಾಲಿಗೆ ಬಂತು. ಊಟ ಏನು ಅಂತ ಪಟ್ಟಿ ಓದಿ ಬಂದು ಹೇಳಿದರೆ ಗಂಡ ಒಪ್ಪುತ್ತಿರಲಿಲ್ಲ. ಒಲೆ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಬೇಕಿತ್ತು ಅನ್ನುತ್ತಿದ್ದರು. ಆಮೇಲೆ ಎಲೀನರ್ ಹಾಗೇ ನೋಡುವುದನ್ನು ಕಲಿತರು.

ಇದನ್ನು ಹೇಳಿದಾಗ ಅವ್ವನ ಮುಖ ಅರಳಿತು. "ಅಂಗನವಾಡೀಲಿ ನಾನೂ ಹಂಗೇ ಮಾಡ್ತಿದ್ದೆ ಕಣೆ."

ಅಪ್ಪ 1987ರಲ್ಲಿ ನಮ್ಮ ಮಂಡಲ ಪಂಚಾಯ್ತಿಗೆ ಪ್ರಧಾನರಾಗಿದ್ದರು. ಜಗಲಿ ತುಂಬಾ ಗಂಡಸರು. ಹೆಂಗಸರು ಸಂಜೆ ಹೊತ್ತು ಹಿತ್ತಿಲ ಬಾಗಿಲಿಗೆ ಬರುತ್ತಿದ್ದರು. ಬೋರಿನ ಹ್ಯಾಂಡಲ್ ಮುರಿದಿದೆ, ವಿಧವಾ ವೇತನ ಬಂದಿಲ್ಲ, ಗಂಡ ಕುಡಿದು ಹೊಡೀತಾನೆ. ಅವ್ವ ರಾಗಿ ಬೀಸುತ್ತಲೋ ಸೊಪ್ಪು ಬಿಡಿಸುತ್ತಲೋ ಕೇಳಿಸಿಕೊಳ್ಳುತ್ತಿದ್ದಳು. ಆ ಚುನಾವಣೆಯಲ್ಲಿ ಹೆಂಗಸರಿಗೆ ನಾಲ್ಕನೇ ಒಂದು ಪಾಲು ಸೀಟು ಇಟ್ಟಿದ್ದರು. ಆದರೂ ಗೆದ್ದ ಹೆಂಗಸರೇ ಮೀಟಿಂಗಿಗೆ ಮುಂಚೆ ಹಿತ್ತಿಲಿಗೆ ಬಂದು ಅವ್ವನ ಹತ್ತಿರ ಮಾತಾಡಿ ಹೋಗುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಗಂಡನ ಹುದ್ದೆಯ ಹಿಂದೆ ಹೆಂಡತಿ ಮಾಡುವ ಈ ಕೆಲಸಕ್ಕೆ ನಮ್ಮಲ್ಲಿ ಹೆಸರೇ ಇಲ್ಲ, ಅಲ್ವಾ? 1996ರ ಜೂನ್ 1ರಂದು ನಮ್ಮ ಜಿಲ್ಲೆಯ ದೇವೇಗೌಡರು ದೇಶದ ಪ್ರಧಾನಿಯಾದರು. ಊರೆಲ್ಲ ಗೌಡರ ಮಾತೇ. ಅವ್ವ ಮಾತ್ರ ಗೌಡರ ಹೆಂಡತಿಯನ್ನು ನೆನೆದು, "ಚೆನ್ನಮ್ಮನೋರು ಡೆಲ್ಲೀಲಿ ಹೆಂಗಿದ್ದಾರೋ, ಅಲ್ಲಿ ಯಾರ ಹತ್ರ ಮಾತಾಡ್ತಾರೋ" ಅಂತ ಚಿಂತೆ ಮಾಡುತ್ತಿದ್ದಳು. ಆಗ ನನಗೆ ಅರ್ಥವಾಗಿರಲಿಲ್ಲ.

ಗಂಡ 1945ರಲ್ಲಿ ತೀರಿಕೊಂಡ ಮೇಲೂ ಎಲೀನರ್ ಕೆಲಸ ನಿಲ್ಲಲಿಲ್ಲ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗಕ್ಕೆ ಅಧ್ಯಕ್ಷೆಯಾದರು. ಅಲ್ಲಿ ತಯಾರಾದ ಘೋಷಣೆ 1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ಒಪ್ಪಿಗೆ ಪಡೆಯಿತು. ಅದರ ಮೊದಲ ವಿಧಿಯಲ್ಲಿ 'ಎಲ್ಲ ಗಂಡಸರೂ' ಅನ್ನುವ ಅರ್ಥದ ಮಾತು ಬರುವುದರಲ್ಲಿತ್ತು. ಬೇಡ, 'ಎಲ್ಲ ಮನುಷ್ಯರೂ' ಅಂತಲೇ ಇರಲಿ ಎಂದು ಪಟ್ಟು ಹಿಡಿದವರು ಆ ಆಯೋಗದಲ್ಲಿ ನಮ್ಮ ದೇಶದ ಪ್ರತಿನಿಧಿಯಾಗಿದ್ದ ಹಂಸಾ ಮೆಹ್ತಾ. ಎಲೀನರ್ ಹೆಸರು ಗೊತ್ತಿರುವ ನಮ್ಮವರಲ್ಲೂ ಹಂಸಾ ಮೆಹ್ತಾ ಹೆಸರು ಗೊತ್ತಿರುವವರು ಕಡಿಮೆ. ನನಗದು ಬಹಳ ಬೇಜಾರಿನ ವಿಷಯ. ಊರಿನ ಶಾಲೆಗಳಲ್ಲಿ ಆ ಹೆಸರು ಹೇಳಿಕೊಡಬೇಕು.

ಮನೆಯಿಂದ ಹೊರಗೆ ಬಂದು ಕೆರೆಯ ಪಕ್ಕ ಕೂತೆವು. ಅವ್ವನಿಗೆ ಇನ್ನೊಂದು ಸಂಗತಿ ಹೇಳಿದೆ. ಶ್ವೇತಭವನದಲ್ಲಿ ಗಂಡನ ಹಾಸಿಗೆ ಪಕ್ಕ ಒಂದು ಬುಟ್ಟಿ ಇರುತ್ತಿತ್ತಂತೆ. ಹಗಲೆಲ್ಲ ಕೇಳಿದ್ದು, ಕಂಡದ್ದನ್ನು ಎಲೀನರ್ ಚೀಟಿ ಬರೆದು ಅದರಲ್ಲಿ ಹಾಕಿಡುತ್ತಿದ್ದರಂತೆ, ಮಲಗುವ ಮುಂಚೆ ಆತ ನೋಡಲಿ ಅಂತ.

ಅವ್ವ ನನ್ನ ಕೈ ಹಿಡಿದುಕೊಂಡಳು. "ನಮ್ಮನೇಲಿ ಬುಟ್ಟಿ ಇರ್ಲಿಲ್ಲ. ಗೂಡಿತ್ತು."

ನಡುಮನೆ ಗೋಡೆಯ ಆ ಗೂಡು ನನಗೂ ಗೊತ್ತು. ಅಪ್ಪ ರಾತ್ರಿ ಕನ್ನಡಕ ತೆಗೆದು ಇಡುತ್ತಿದ್ದ ಜಾಗ. ನನ್ನ ಹಳೇ ಕಾಪಿ ಪುಸ್ತಕದ ಹಾಳೆ ಹರಿದರೆ ಅವ್ವ ಬಿಸಾಡಲು ಬಿಡುತ್ತಿರಲಿಲ್ಲ. ನಾಲ್ಕನೇ ಕ್ಲಾಸು ಓದಿದ ಅವ್ವ ದಪ್ಪ ಅಕ್ಷರದಲ್ಲಿ ಆ ಹಾಳೆಗಳ ಮೇಲೆ ಬರೆದು, ಮಡಿಸಿ, ಕನ್ನಡಕದ ಕೆಳಗೆ ಇಡುತ್ತಿದ್ದಳಂತೆ. ಬೆಳಿಗ್ಗೆ ಎದ್ದು ಕನ್ನಡಕಕ್ಕೆ ಕೈ ಹಾಕಿದರೆ ಮೊದಲು ಸಿಗುತ್ತಿದ್ದದ್ದು ಚೀಟಿ.

"ಅಪ್ಪ ಓದ್ತಿದ್ರಾ?" ಅಂದೆ.

"ಓದಿ ಜೇಬಿಗೆ ಹಾಕ್ಕೊತಿದ್ರು. ಬಟ್ಟೆ ಒಗೆಯುವಾಗ ಸಿಗೋವು. ಕೆಲಸ ಆಗಿದ್ರೆ ಅದ್ರ ಮೇಲೆ ಒಂದು ಗೀಟು ಎಳೆದಿರೋರು."