ಅಕೇಡಿಯಾದ ಸಾರೋಟು ರಸ್ತೆಗಳು: ದೊಡ್ಡ ಸುತ್ತು ಮುಗಿಯಿತು

ಅಕೇಡಿಯಾ ರಾಷ್ಟ್ರೀಯ ಉದ್ಯಾನದ ಸಾರೋಟು ರಸ್ತೆಗಳನ್ನೆಲ್ಲ ಸೈಕಲ್ಲಿನಲ್ಲಿ ಸುತ್ತಿ, ಒಂದೊಂದು ತುಂಡಿನ ಬಗ್ಗೆಯೂ ಕನ್ನಡದಲ್ಲಿ ದಾರಿ ಟಿಪ್ಪಣಿ ಬರೆಯುವ ಕೆಲಸ ಈ ಸೆಪ್ಟೆಂಬರಿನಲ್ಲಿ ಅರ್ಧಕ್ಕಿಂತ ಮುಂದೆ ಬಂದಿದೆ. ವಿಚ್ ಹೋಲ್ ಕೊಳ, ಈಗಲ್ ಸರೋವರ, ಆಂಟ್ ಬೆಟ್ಟಿ ಕೊಳ ಈ ಮೂರರ ಸುತ್ತುಗಳು ಮೊದಲೇ ಆಗಿದ್ದವು. ಈಗ ಎಲ್ಲಕ್ಕಿಂತ ಉದ್ದನೆಯ ‘ಅರೌಂಡ್ ಮೌಂಟನ್’ ಸುತ್ತೂ ಸೇರಿತು. ಅದಕ್ಕಿಂತ ಸಂತೋಷದ ಸಂಗತಿಯೆಂದರೆ ಈ ಸಲ ತೀರ್ಥಹಳ್ಳಿಯಿಂದ ಬಂದಿದ್ದ ಅಪ್ಪಯ್ಯನೂ ಜೊತೆಗಿದ್ದರು.

ಹೊಸದಾಗಿ ಓದುತ್ತಿರುವವರಿಗೆ ಸ್ವಲ್ಪ ಹಿನ್ನೆಲೆ. ಅಮೆರಿಕದ ಮೇಯ್ನ್ ರಾಜ್ಯದ ಮೌಂಟ್ ಡೆಸರ್ಟ್ ದ್ವೀಪದ ಮೇಲೆ ಅಕೇಡಿಯಾ ಇದೆ. ನಾವಿರುವ ಬಾಸ್ಟನ್ ಕಡೆಯಿಂದ ಕಾರಿನಲ್ಲಿ ಸುಮಾರು ಐದು ಗಂಟೆಯ ದಾರಿ. ಇಲ್ಲಿ 1913ರಿಂದ 1940ರವರೆಗೆ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಕುದುರೆಗಳಿಗೂ ಸಾರೋಟುಗಳಿಗೂ ಎಂದು 57 ಮೈಲಿ ರಸ್ತೆ ಮಾಡಿಸಿದರು. ಅದರಲ್ಲಿ 45 ಮೈಲಿ, ಅಂದರೆ ಸುಮಾರು 72 ಕಿಲೋಮೀಟರ್, ಈಗ ಉದ್ಯಾನದೊಳಗಿದೆ. ಕಾರು, ಮೋಟಾರ್ ಬೈಕುಗಳಿಗೆ ಅಂದೂ ಅವಕಾಶವಿರಲಿಲ್ಲ, ಇಂದೂ ಇಲ್ಲ. ಪೆಟ್ರೋಲಿಯಂ ವ್ಯವಹಾರದಿಂದ ಬೆಳೆದ ಮನೆತನದ ಮಗ ಮೋಟಾರು ಕಾಲಿಡದ ರಸ್ತೆಗಳಿಗಾಗಿ ಇಪ್ಪತ್ತೇಳು ವರ್ಷ ಹಣ ಸುರಿದು, ಖುದ್ದಾಗಿ ನಿಂತು ಕೆಲಸ ಮಾಡಿಸಿದ್ದು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ನ್ಯೂ ಇಂಗ್ಲೆಂಡಿನ ನಮ್ಮ ಕನ್ನಡ ಕುಟುಂಬಗಳು ಅಕೇಡಿಯಾಕ್ಕೆ ಹೋಗುವುದುಂಟು. ಕ್ಯಾಡಿಲಾಕ್ ಬೆಟ್ಟದ ಮೇಲೆ ಸೂರ್ಯೋದಯ ನೋಡಿ, ಕಡಲತೀರದ ರಸ್ತೆಯಲ್ಲಿ ಕಾರು ಓಡಿಸಿ ಮರಳುತ್ತಾರೆ. ನಾಲ್ಕು ಹೆಜ್ಜೆ ಒಳಗೆ ಇಂಥ ರಸ್ತೆಗಳಿವೆಯೆಂದು ಹಲವರಿಗೆ ಗೊತ್ತೇ ಇರುವುದಿಲ್ಲ. ಊರಿನಿಂದ ಬಂದ ಹಿರಿಯರೂ ಸೈಕಲ್ ಕಲಿಯುತ್ತಿರುವ ಮಕ್ಕಳೂ ಹಾರ್ನ್ ಸದ್ದಿಲ್ಲದೆ ಕಾಡಿನೊಳಗೆ ಹೋಗಿಬರಬಹುದಾದ ಜಾಗ ಇದು. ಎಲ್ಲಿ ಏರು, ಎಲ್ಲಿ ನೆರಳು, ಎಲ್ಲಿ ಕುಳಿತು ಬುತ್ತಿ ಬಿಚ್ಚಬಹುದು ಎಂಬುದನ್ನು ಕನ್ನಡದಲ್ಲಿ ಬರೆದಿಡಬೇಕೆಂಬ ಆಸೆ ಹುಟ್ಟಿದ್ದು ಇದರಿಂದಲೇ.

ಮುಗಿದಿರುವ ಉತ್ತರ ಭಾಗದ ಟಿಪ್ಪಣಿಗಳು ಚಿಕ್ಕವು. ವಿಚ್ ಹೋಲ್ ಸುತ್ತು ಐದು ಕಿಲೋಮೀಟರಿಗೆ ತುಸು ಹೆಚ್ಚು. ಮಕ್ಕಳಿದ್ದರೆ ಇಲ್ಲಿಂದ ಶುರು ಮಾಡಿ. ಮೂರು ಕಮಾನುಗಳ ಡಕ್ ಬ್ರೂಕ್ ಸೇತುವೆ ಈ ಕಡೆಯೇ ಇದೆ. ಈಗಲ್ ಸರೋವರದ ಸುತ್ತು ಹತ್ತು ಕಿಲೋಮೀಟರಿಗೆ ಸಮೀಪ. ಬಾರ್ ಹಾರ್ಬರ್ ಊರಿಗೆ ಕುಡಿಯುವ ನೀರು ಹೋಗುವುದು ಈ ಸರೋವರದಿಂದ, ಹಾಗಾಗಿ ನೀರಿಗಿಳಿಯುವಂತಿಲ್ಲ. 1947ರ ಅಕ್ಟೋಬರಿನ ಕಾಳ್ಗಿಚ್ಚು ಈ ದ್ವೀಪದ ಹದಿನೇಳು ಸಾವಿರ ಎಕರೆಗೂ ಹೆಚ್ಚು ನೆಲವನ್ನು ಸುಟ್ಟಿತು. ಸ್ಪ್ರೂಸ್, ಫರ್ ಮರಗಳು ಬೆಂದುಹೋದ ಕಡೆ ಬರ್ಚ್, ಆಸ್ಪೆನ್ ಮರಗಳು ಎದ್ದವು. ಅಕ್ಟೋಬರಿನಲ್ಲಿ ಇಲ್ಲಿನ ಕಾಡು ಹಳದಿಗೆ ತಿರುಗುವುದಕ್ಕೆ ಆ ಬೆಂಕಿಯೂ ಒಂದು ಕಾರಣ.

ಇನ್ನು ದೊಡ್ಡ ಸುತ್ತು. ಬಾರ್ ಹಾರ್ಬರಿನಲ್ಲಿ ಕಾರು ಬಿಟ್ಟು, ಸೈಕಲ್ ಹೇರಿಕೊಂಡು ಹೋಗುವ ಉಚಿತ ಬಸ್ಸಿನಲ್ಲಿ ಈಗಲ್ ಸರೋವರಕ್ಕೆ ಬಂದಿಳಿದೆವು. ಬೇಸಿಗೆಯಲ್ಲಿ ಓಡುವ ಈ ಬಸ್ಸು ತುಂಬ ಉಪಕಾರಿ; ಸರೋವರದ ಬಳಿ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಅಪ್ಪಯ್ಯನಿಗೆ ಬಾಡಿಗೆಯ ವಿದ್ಯುತ್ ಸೈಕಲ್ ತೆಗೆದುಕೊಂಡೆವು. ತುಳಿದಾಗ ಮಾತ್ರ ಮೋಟಾರು ನೆರವಾಗುವ ಒಂದನೇ ದರ್ಜೆಯ ಸೈಕಲ್ಲಿಗೆ ಮಾತ್ರ ಇಲ್ಲಿ ಅನುಮತಿ. ಕೈಯಲ್ಲಿ ತಿರುವಿದರೆ ಓಡುವಂಥದ್ದನ್ನು ತರಬೇಡಿ.

ಸರೋವರದ ಪಶ್ಚಿಮ ದಡ ಹಿಡಿದು ದಕ್ಷಿಣಕ್ಕೆ ಹೋಗಿ, ಅಲ್ಲಿಂದ ಏರಿ, ಸಾರ್ಜೆಂಟ್ ಬೆಟ್ಟವನ್ನು ಉತ್ತರದಿಂದ ಬಳಸುವ ದಾರಿಗೆ ಸೇರಿದೆವು. ಸುತ್ತು ಮಾತ್ರವೇ ಹದಿನೆಂಟು ಕಿಲೋಮೀಟರಿನಷ್ಟಾಗುತ್ತದೆ. ಕುದುರೆ ದಣಿಯಬಾರದೆಂದು ಬೆಟ್ಟದ ಮೈ ಅನುಸರಿಸಿ ಹಾಕಿದ ರಸ್ತೆಯಾದ್ದರಿಂದ ಏರು ಉದ್ದವಾಗಿದೆ, ಆದರೆ ಎಲ್ಲೂ ಕಡಿದಾಗಿಲ್ಲ. ಉಸಿರು ಕಟ್ಟುವುದಿಲ್ಲ, ಮಾತಾಡುತ್ತಲೇ ಹೋಗಬಹುದು.

ಮಾತಾಡಿದ್ದೆಲ್ಲ ರಸ್ತೆಯ ಬಗ್ಗೆಯೇ. ಅಪ್ಪಯ್ಯ ಮಲೆನಾಡಿನಲ್ಲಿ ಲೋಕೋಪಯೋಗಿ ಇಲಾಖೆಯ ರಸ್ತೆ ಕೆಲಸ ಮಾಡಿಸಿ ನಿವೃತ್ತರಾದವರು. ಬೆಟ್ಟದ ನೋಟಕ್ಕಿಂತ ಮೊದಲು ಅವರ ಕಣ್ಣು ಬಿದ್ದದ್ದು ಚರಂಡಿಯ ಮೇಲೆ. ಸೈಕಲ್ ನಿಲ್ಲಿಸಿ, ಅಂಚಿಗೆ ಹೋಗಿ, ಮೋರಿಯ ಬಾಯಿಗೆ ಬಗ್ಗಿ ನೋಡಿದರು.

“ಮೋರಿ ಕಲ್ಲಿನದು, ಚರಂಡಿ ಎಷ್ಟು ಅಗಲ ನೋಡು ಮಾರಾಯ್ತಿ. ನೀರಿಗೆ ಜಾಗ ಬಿಟ್ಟಿದ್ದಾರೆ. ಅದಕ್ಕೇ ಉಳಿದಿದೆ.”

ನನ್ನ ಟಿಪ್ಪಣಿಗಳ ರೀತಿ ಆ ಮಾತಿನಿಂದ ಬದಲಾಯಿತು. ಅಲ್ಲಿಂದ ಮುಂದೆ ನೋಟ, ನೆರಳುಗಳ ಜೊತೆಗೆ ನೀರಿನ ದಾರಿಯನ್ನೂ ಬರೆಯತೊಡಗಿದೆ. ಸುಮಾರು ಹದಿನಾರು ಅಡಿ ಅಗಲದ ಈ ರಸ್ತೆಗಳನ್ನು ಕೈಯಿಂದಲೇ ಕಲ್ಲು ಜೋಡಿಸಿ ಮಾಡಿದ್ದಾರೆ. ಮೂರು ಪದರ, ಮೇಲೆ ನುಣ್ಣನೆಯ ಗ್ರಾವೆಲ್. ನಡುವೆ ಆರರಿಂದ ಎಂಟು ಅಂಗುಲ ಉಬ್ಬಿಸಿ ಎರಡೂ ಕಡೆಗೆ ಇಳುಕಲು ಕೊಟ್ಟಿದ್ದಾರೆ, ಆಮೆಯ ಬೆನ್ನಿನ ಹಾಗೆ. ಬಿದ್ದ ಮಳೆ ರಸ್ತೆಯ ಮೇಲೆ ನಿಲ್ಲುವುದಿಲ್ಲ, ಚರಂಡಿ ಸೇರಿ ಮೋರಿಯಿಂದ ಕೆಳಗಿನ ಹಳ್ಳಕ್ಕೆ ಇಳಿಯುತ್ತದೆ. ಬೆಟ್ಟವನ್ನು ಬೇಕಾಬಿಟ್ಟಿ ಕಡಿಯದೆ, ಬೇಕಾದಲ್ಲಿ ಕಲ್ಲಿನ ತಡೆಗೋಡೆ ಕಟ್ಟಿ ರಸ್ತೆಯನ್ನು ಇಳಿಜಾರಿಗೆ ಒಗ್ಗಿಸಿದ್ದಾರೆ. ಅಂಚಿನಲ್ಲಿ ಸಾಲಾಗಿ ನಿಲ್ಲಿಸಿದ ಒರಟು ಗ್ರಾನೈಟ್ ಕಲ್ಲುಗಳಿಗೆ ಇಲ್ಲಿನವರು ಪ್ರೀತಿಯಿಂದ ರಾಕ್‌ಫೆಲ್ಲರನ ಹಲ್ಲುಗಳು ಎನ್ನುತ್ತಾರೆ.

ಇಷ್ಟು ಗಟ್ಟಿ ಕೆಲಸಕ್ಕೂ ಆರೈಕೆ ತಪ್ಪುವಂತಿಲ್ಲ. ದಶಕಗಳ ಕಾಲ ಸರಿಯಾದ ದುರಸ್ತಿ ಇಲ್ಲದೆ ಚರಂಡಿಗಳು ಹೂತುಹೋಗಿ, ಮೇಲ್ಮೈ ಕೊಚ್ಚಿಹೋಗಿತ್ತು. 1990ರ ದಶಕದ ಮೊದಲರ್ಧದಲ್ಲಿ ಸರ್ಕಾರದ ಹಣಕ್ಕೆ ‘ಫ್ರೆಂಡ್ಸ್ ಆಫ್ ಅಕೇಡಿಯಾ’ ಎಂಬ ಸಂಸ್ಥೆ ಸಂಗ್ರಹಿಸಿದ ಹಣವೂ ಸೇರಿ ಇಡೀ ಜಾಲ ಮತ್ತೆ ಸರಿಯಾಯಿತು. 2021ರ ಜೂನ್‌ನಲ್ಲಿ ಒಂದೇ ಮಳೆ ಸಾರ್ಜೆಂಟ್, ಪಾರ್ಕ್‌ಮನ್ ಬೆಟ್ಟಗಳ ಕಡೆಯ ರಸ್ತೆಗಳನ್ನು ಹಲವೆಡೆ ಕಿತ್ತುಹಾಕಿತ್ತು. ನಾವು ಹೋದಾಗ ದಾರಿ ಎಲ್ಲ ಚೆನ್ನಾಗಿತ್ತು.

ಈ ಸುತ್ತಿನಲ್ಲಿ ಏಳು ಕಲ್ಲಿನ ಸೇತುವೆಗಳು ಸಿಗುತ್ತವೆ, ಒಂದರಂತೆ ಇನ್ನೊಂದಿಲ್ಲ. ಹೆಮ್ಲಾಕ್ ಸೇತುವೆ 1924ರದು, ಅದರ ಪಕ್ಕದಲ್ಲೇ ಎನ್ನಬಹುದಾದ ವಾಟರ್‌ಫಾಲ್ ಸೇತುವೆ 1925ರದು. ಇವೆರಡರ ನಡುವೆ ಸೈಕಲ್ ಇಳಿದು ನಡೆಯಿರಿ. ವಾಟರ್‌ಫಾಲ್ ಸೇತುವೆಯ ಮೇಲೆ ನಿಂತರೆ ಹ್ಯಾಡ್‌ಲಾಕ್ ಹೊಳೆಯ ಜಲಪಾತ ಎದುರಿಗೇ ಕಾಣುತ್ತದೆ. ಸೆಪ್ಟೆಂಬರಿನಲ್ಲಿ ನೀರು ಕಡಿಮೆ. ಜಲಪಾತವೇ ಮುಖ್ಯ ಎನ್ನುವವರು ಮಳೆಯ ಮರುದಿನ ಬರಲಿ. ಅಪ್ಪಯ್ಯ ಮಾತ್ರ ಹೆಮ್ಲಾಕ್ ಸೇತುವೆಯ ಕೆಳಕ್ಕಿಳಿದು ಕಮಾನಿನ ಕಲ್ಲುಗಳನ್ನು ಕೈಯಿಂದ ಸವರುತ್ತ ಬಹಳ ಹೊತ್ತು ನಿಂತರು. ನಾವೂ ಅವಸರ ಮಾಡಲಿಲ್ಲ.

ಆಮೇಲೆ ಆಂಫಿಥಿಯೇಟರ್, ವೆಸ್ಟ್ ಬ್ರಾಂಚ್, ಕ್ಲಿಫ್‌ಸೈಡ್ ಸೇತುವೆಗಳನ್ನು ದಾಟಿ ಜೋರ್ಡನ್ ಕೊಳಕ್ಕೆ ಬರುತ್ತೇವೆ. ಇಲ್ಲಿನ ಉಪಾಹಾರ ಗೃಹದಲ್ಲಿ ಚಹಾ ಜೊತೆಗೆ ಪಾಪ್‌ಓವರ್ ತಿನ್ನುವುದು ಹತ್ತೊಂಬತ್ತನೆಯ ಶತಮಾನದಿಂದ ಬಂದ ರೂಢಿ. ಒಳಗೆ ಪೊಳ್ಳಾಗಿ ಉಬ್ಬಿರುವ ಬ್ರೆಡ್ಡು ಅದು, ಮೊಟ್ಟೆ ಹಾಕಿರುತ್ತಾರೆ. ಮೊಟ್ಟೆ ತಿನ್ನದವರು ಬುತ್ತಿ ತಂದಿರುವುದು ಒಳ್ಳೆಯದು. ನಾವು ಚಪಾತಿ, ಚಟ್ನಿಪುಡಿ, ಮೊಸರನ್ನ ಒಯ್ದಿದ್ದೆವು.

ಹೊಟ್ಟೆ ತುಂಬಿದ ಮೇಲೆ ಕೊಳದ ಪಶ್ಚಿಮಕ್ಕೆ, ಬೆಟ್ಟದಿಂದ ಉರುಳಿ ಬಿದ್ದ ಬಂಡೆಗಳ ರಾಶಿಯ ನಡುವೆಯೇ ರಸ್ತೆ ಹಾದುಹೋಗುತ್ತದೆ. ಮರವಿಲ್ಲ, ಕೆಳಗೆ ನೀಲಿ ನೀರು. ನನ್ನ ಮಟ್ಟಿಗೆ ಇಡೀ ಜಾಲದಲ್ಲಿ ಇದೇ ಅತ್ಯುತ್ತಮ ತುಂಡು.

ಸವಾರರಿಗೆ ಕೆಲವು ಮಾತು. ಕುದುರೆ ಕಂಡರೆ ಎಲ್ಲರೂ ದಾರಿ ಬಿಡಬೇಕು, ಸೈಕಲ್ಲಿನವರು ನಡೆಯುವವರಿಗೂ ಬಿಡಬೇಕು. ಇಳಿಜಾರಿನಲ್ಲಿ ಸಡಿಲ ಜಲ್ಲಿ ಇರುವುದರಿಂದ ತಿರುವಿಗೆ ಮೊದಲೇ ಬ್ರೇಕ್ ಹಿಡಿಯಿರಿ. ನನ್ನ 40 ಮಿಲಿಮೀಟರ್ ಟೈರುಗಳು ಸಾಕಾದವು. ರೇಸ್ ಸೈಕಲ್ಲಿನ ತೆಳು ಟೈರು ಬೇಡ. ಕೂಡುದಾರಿಗಳಲ್ಲಿ ಮರದ ಕಂಬಗಳಿಗೆ ಸಂಖ್ಯೆ ಹಾಕಿದ್ದಾರೆ, ನನ್ನ ಟಿಪ್ಪಣಿಗಳೂ ಆ ಸಂಖ್ಯೆಗಳನ್ನೇ ಅನುಸರಿಸುತ್ತವೆ. ಉದ್ಯಾನದ ಗಡಿಯಾಚೆ ದಕ್ಷಿಣದಲ್ಲಿರುವ ಖಾಸಗಿ ಸಾರೋಟು ರಸ್ತೆಗಳಿಗೆ ನಡೆದು ಹೋಗಬಹುದು, ಸೈಕಲ್ ಒಯ್ಯುವಂತಿಲ್ಲ. ಫಲಕ ಕಂಡಲ್ಲಿ ಹಿಂದಿರುಗಿ. ವಸಂತದಲ್ಲಿ ಹಿಮ ಕರಗಿ ನೆಲ ಕೆಸರಾಗಿರುವಾಗ ರಸ್ತೆಗಳನ್ನು ಮುಚ್ಚುತ್ತಾರೆ.

ಬಂಡೀಪುರದಲ್ಲೋ ನಾಗರಹೊಳೆಯಲ್ಲೋ ಇಂಥದ್ದು ಯಾಕಿಲ್ಲ ಎಂದು ಗೆಳತಿಯೊಬ್ಬಳು ಕೇಳಿದಳು. ಆನೆ, ಹುಲಿ ಓಡಾಡುವ ಕಾಡಿನಲ್ಲಿ ಸೈಕಲ್ ಬೇಡವೆಂದೇ ನನ್ನ ಅಭಿಪ್ರಾಯ. ಅಲ್ಲಿ ರಾತ್ರಿ ಹೆದ್ದಾರಿ ಮುಚ್ಚಿರುವುದೇ ದೊಡ್ಡ ಕೆಲಸ. ನಮ್ಮ ದೇಶದಲ್ಲಿ ಸೈಕಲ್ ತುಳಿಯಲು ಹೇಳಿ ಮಾಡಿಸಿದ ರಕ್ಷಿತ ತಾಣ ರಾಜಸ್ಥಾನದ ಭರತಪುರದಲ್ಲಿದೆ. ಅಲ್ಲಿನ ಕೇವಲಾದೇವ್ ಉದ್ಯಾನದಲ್ಲಿ ಹಕ್ಕಿ ನೋಡಲು ಸೈಕಲ್ಲಿನಲ್ಲೋ ಸೈಕಲ್ ರಿಕ್ಷಾದಲ್ಲೋ ಹೋಗಬಹುದು.

ಇನ್ನು ಉಳಿದಿರುವುದು ಡೇ ಮೌಂಟನ್ ದಾರಿ, 1919ರ ಲಿಟ್ಲ್ ಹಾರ್ಬರ್ ಬ್ರೂಕ್ ಸೇತುವೆಯ ಕಡೆಯ ಸುತ್ತು, ಬಬಲ್ ಕೊಳದ ಪಕ್ಕದ ತುಂಡು. ಹಿಮ ಬೀಳುವುದರೊಳಗೆ ಬಬಲ್ ಕೊಳವನ್ನಾದರೂ ಮುಗಿಸುತ್ತೇನೆ, ಮಿಕ್ಕದ್ದು ಮುಂದಿನ ಬೇಸಿಗೆಗೆ. ನವೆಂಬರ್ ಆರಂಭದಲ್ಲಿ ಫ್ರೆಂಡ್ಸ್ ಆಫ್ ಅಕೇಡಿಯಾ ಪ್ರತಿವರ್ಷ ಸ್ವಯಂಸೇವಕರನ್ನು ಸೇರಿಸಿ ಈ ರಸ್ತೆಗಳ ಚರಂಡಿಗಳಲ್ಲಿ ತುಂಬಿದ ತರಗೆಲೆ ತೆಗೆಸುತ್ತದೆ. ಈ ಬಾರಿ ನಾನೂ ನನ್ನ ಗಂಡನೂ ಹೋಗುತ್ತಿದ್ದೇವೆ. ಬಾಸ್ಟನ್ ಕಡೆಯಿಂದ ಬರುವವರಿದ್ದರೆ ಕಾರಿನಲ್ಲಿ ಇಬ್ಬರಿಗೆ ಜಾಗವಿದೆ. ದಪ್ಪ ಕೈಗವಸು, ಬೆಚ್ಚನೆಯ ಟೋಪಿ ತನ್ನಿ.