ಆರೋನನ ಬಟ್ಟೆ, ಅರ್ಧ ಅಳತೆಯಲ್ಲಿ: ಕೆಲಸ ಎಲ್ಲಿಗೆ ಬಂತು

ಜೂನ್

ಒಳಗಿನ ಚಡ್ಡಿ, ಅಂಗಿ ಎರಡೂ ಮುಗಿದವು. ಬಿಳಿ ಲಿನನ್, ಉದ್ದ ತೋಳು, ಪಾದದವರೆಗೆ ಇಳಿಯುವ ಅಂಗಿ. ತೊಡಿಸಿರುವುದು ಮಕ್ಕಳ ಬಟ್ಟೆ ಅಂಗಡಿಯ ಹಳೆಯ ಗೊಂಬೆಗೆ. ದೊಡ್ಡವರ ಅರ್ಧ ಅಳತೆಗೆ ಹತ್ತಿರ ಬರುತ್ತದೆ, ಅಷ್ಟು ಸಾಕು.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ನಾನು ಮಾಡುತ್ತಿರುವುದು ಬೈಬಲ್ಲಿನ ವಿಮೋಚನಕಾಂಡದ 28ನೇ ಅಧ್ಯಾಯದಲ್ಲಿ ಹೇಳಿರುವ ಮಹಾಯಾಜಕನ ಉಡುಪು. ಅಂದರೆ ಮೋಶೆಯ ಅಣ್ಣ ಆರೋನನ ಬಟ್ಟೆ. 39ನೇ ಅಧ್ಯಾಯದಲ್ಲಿ ಅದನ್ನು ಮಾಡಿ ಮುಗಿಸಿದ ವಿವರ ಇನ್ನೊಮ್ಮೆ ಬರುತ್ತದೆ. ಒಟ್ಟು ಎಂಟು ಉಡುಪು. ಚಡ್ಡಿ, ಅಂಗಿ, ನಡುಕಟ್ಟು, ತಲೆಗೆ ಸುತ್ತುವ ಬಟ್ಟೆ, ಈ ನಾಲ್ಕು ಎಲ್ಲ ಯಾಜಕರಿಗೂ ಉಂಟು. ನೀಲಿ ನಿಲುವಂಗಿ, ಏಫೋದ್ ಎಂಬ ಕವಚ, ಎದೆಪದಕ, ಹಣೆಯ ಚಿನ್ನದ ಪಟ್ಟಿ, ಇವು ಮಹಾಯಾಜಕನೊಬ್ಬನಿಗೇ. ಸಂಡೇ ಸ್ಕೂಲ್ ಮಕ್ಕಳಿಗೆ ತೋರಿಸಲು ಅಂತ ಶುರು ಮಾಡಿದ್ದು. ಈಗ ಮಕ್ಕಳಿಗಿಂತ ನನ್ನ ಹುಚ್ಚೇ ಜಾಸ್ತಿಯಾಗಿದೆ.

ಕತ್ತರಿ ಹಿಡಿಯುವ ಮುಂಚೆ ಒಂದು ನಿಯಮ ಹಾಕಿಕೊಂಡೆ. ನೀಲಿ ಅಂದರೆ ಸ್ವರ್ಗ, ನೇರಳೆ ಅಂದರೆ ರಾಜತ್ವ, ಕೆಂಪು ಅಂದರೆ ರಕ್ತ ಅಂತ ಒಂದು ಚಾರ್ಟ್ ಎಲ್ಲಿ ಹುಡುಕಿದರೂ ಸಿಗುತ್ತದೆ. ಆದರೆ ಆ ಅಧ್ಯಾಯದಲ್ಲಿ ಯಾವ ಬಣ್ಣಕ್ಕೂ ಅರ್ಥ ಕೊಟ್ಟಿಲ್ಲ. ಅರ್ಥ ಹೇಳಿರುವುದು ಏಫೋದಿನ ಹೆಗಲ ಕಲ್ಲಿಗೆ, ಎದೆಪದಕಕ್ಕೆ, ನಿಲುವಂಗಿಯ ಅಂಚಿನ ಗೆಜ್ಜೆಗೆ, ಹಣೆಯ ಪಟ್ಟಿಗೆ. ಮೊದಲು ಇವನ್ನು ಹಿಡಿಯೋಣ, ಚಾರ್ಟ್ ಆಮೇಲೆ ನೋಡೋಣ ಅಂತ.

ಬಣ್ಣಗಳ ಬಗ್ಗೆ ನನಗೆ ಕಂಡದ್ದೇ ಬೇರೆ. ನೀಲಿ, ನೇರಳೆ, ಕಡುಗೆಂಪು, ನಯವಾದ ನಾರುಬಟ್ಟೆ (ಲಿನನ್), ಇದೇ ನಾಲ್ಕು, ಇಸ್ರಾಯೇಲ್ಯರು ಆರಾಧನೆಗೆ ಕಟ್ಟಿದ ಗುಡಾರದ ಒಳಪರದೆಗಳಲ್ಲೂ ಇವೆ. ಅವುಗಳ ಮೇಲೆ ಹೊದಿಸಿದ್ದು ಆಡಿನ ಕೂದಲಿನ ಬಟ್ಟೆ. ಹೊರಗೆ ಒರಟು, ಒಳಗೆ ಹೋದಷ್ಟೂ ನಯ. ಪರದೆಗಳಲ್ಲಿ ಇಲ್ಲದ ಚಿನ್ನದ ಎಳೆ ಏಫೋದಿನಲ್ಲೂ ಪದಕದಲ್ಲೂ ಇದೆ. ಗುಡಾರಕ್ಕೆ ಏನು ಉಡಿಸಿದರೋ ಅದನ್ನೇ ಆರೋನನಿಗೂ ಉಡಿಸಿದ್ದಾರೆ. ಅವನು ಓಡಾಡಿದರೆ ಗುಡಾರದ್ದೇ ಒಂದು ತುಂಡು ಎದ್ದು ಓಡಾಡಿದ ಹಾಗೆ. ಬಣ್ಣಕ್ಕೊಂದು ಗುಣ ಹಚ್ಚುವುದಕ್ಕಿಂತ ಇದು ನನಗೆ ಹೆಚ್ಚು ಒಪ್ಪಿಗೆಯಾಯಿತು.

ಜುಲೈ

ಜರಿ ತರಲು ಚಿಕ್ಕಪೇಟೆಗೆ ಹೋಗಿದ್ದೆ. ಅಂಗಡಿಯವರು ಲಡಿ ತೆಗೆದುಕೊಡುತ್ತಾ, "ಯಾವ ದೇವರ ಅಲಂಕಾರಕ್ಕೆ ಮೇಡಂ?" ಅಂದರು. "ದೇವರಿಗಲ್ಲ ಅಣ್ಣ, ಪೂಜಾರಿಗೆ" ಅಂದೆ. "ಪೂಜಾರಿಗೆ ಇಷ್ಟೊಂದಾ?" ಅಂತ ನಕ್ಕರು. ಅವರು ಕೇಳಿದ್ದು ಸರಿಯಾಗೇ ಇದೆ. ಆ ಗುಡಾರದಲ್ಲಿ ಅಲಂಕರಿಸಲು ದೇವರ ಮೂರ್ತಿಯೇ ಇರಲಿಲ್ಲ. ಮೂರ್ತಿಗೆ ಹಾಕುವಂಥ ಚಿನ್ನ, ಕಲ್ಲು, ಬಣ್ಣ ಒಳಗೆ ಹೋಗುವ ಮನುಷ್ಯನ ಮೈಮೇಲೆ ಬಂತು.

ಮೂಲದಲ್ಲಿದ್ದದ್ದು ನಮ್ಮ ಜರಿಯಂಥದ್ದಲ್ಲ. ಚಿನ್ನವನ್ನು ತೆಳ್ಳಗೆ ತಗಡಾಗಿ ಬಡಿದು, ಎಳೆಯಾಗಿ ಕತ್ತರಿಸಿ, ಬಣ್ಣದ ನೂಲಿಗೆ ಸೇರಿಸಿದರು ಎಂದಿದೆ. ಯೆಹೂದಿ ಗುರುಗಳ ಧರ್ಮಚರ್ಚೆಗಳ ಹಳೆಯ ಸಂಗ್ರಹ ತಾಲ್ಮುದ್ ಇದಕ್ಕೆ ಲೆಕ್ಕವನ್ನೇ ಕೊಡುತ್ತದೆ. ಪ್ರತಿ ಬಣ್ಣದ್ದು ಆರು ಎಳೆ, ಜೊತೆಗೆ ಚಿನ್ನದ್ದು ಒಂದು, ಹಾಗೆ ನಾಲ್ಕು ಸೇರಿಸಿ ಹುರಿ ಮಾಡಿದರೆ 28 ಎಳೆ. ನಮ್ಮ ಎಂಬ್ರಾಯ್ಡರಿ ನೂಲು ಹೇಗೂ ಆರೆಳೆಯದ್ದೇ! ಬಿಡಿಸುವ ಕೆಲಸವೇ ಇಲ್ಲ. ಒಂದು ಕೊನೆ ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದು ಕೊನೆ ಕೈ ಡ್ರಿಲ್ಲಿನ ಕೊಕ್ಕೆಗೆ ಸಿಕ್ಕಿಸಿ ತಿರುಗಿಸಿದೆ. 28 ಎಳೆಯ ಹುರಿ ಅರ್ಧ ಅಳತೆಯ ಗೊಂಬೆಗೆ ಹಗ್ಗದಷ್ಟು ದಪ್ಪ. ಅದನ್ನು ಏಫೋದಿನ ನಡುಪಟ್ಟಿಯ ಅಂಚಿಗೆ ಮಾತ್ರ ಇಟ್ಟುಕೊಂಡೆ. ಉಳಿದ ಕಡೆಗೆ ಏಳೆಳೆಯ ಹುರಿಗಳನ್ನೇ ಪಕ್ಕಪಕ್ಕ ಕೂರಿಸಿ ಸಣ್ಣ ಹೊಲಿಗೆ ಹಾಕುತ್ತಿದ್ದೇನೆ.

ಹತ್ತಿರದಿಂದ ನೋಡಿದರೆ ಜರಿ ಒಂದು ಕಡೆ ನೀಲಿಯೊಳಗೆ ಮುಳುಗಿ ಎರಡು ಮಿಲಿಮೀಟರ್ ಆಚೆ ಏಳುತ್ತದೆ. ಚಿನ್ನದ್ದು ಅಂತ ಬೇರೆ ಗೆರೆ ಕಾಣುವುದಿಲ್ಲ. ನಾಲ್ಕು ಬಣ್ಣವೂ ಒಳಗಿನಿಂದಲೇ ಹೊಳೆಯುತ್ತವೆ. ಮೇಲೆ ಚಿನ್ನದ ಕಸೂತಿ ಹಾಕಿ ಮುಗಿಸಬಹುದಿತ್ತಲ್ವಾ, ಯಾಕೆ ಇಷ್ಟು ಕಷ್ಟಪಟ್ಟರು ಅನ್ನುವುದು ಈಗ ಅರ್ಥವಾಯಿತು.

ನನ್ನ ಬಣ್ಣ ಅಂಗಡಿಯದು. ಆರೋನನ ಬಟ್ಟೆಯದು ಪ್ರಾಣಿಗಳಿಂದ ಬಂದದ್ದು. ನೀಲಿಯೂ ನೇರಳೆಯೂ ಮೆಡಿಟರೇನಿಯನ್ ಸಮುದ್ರದ ಮ್ಯೂರೆಕ್ಸ್ ಬಸವನಹುಳುಗಳಿಂದ, ಕೆಂಪು ಓಕ್ ಮರದ ಮೇಲೆ ಬದುಕುವ ಸಣ್ಣ ಕೀಟದಿಂದ. ಬಸವನಹುಳುವಿನ ಬಣ್ಣ ಸಾಮಾನ್ಯವಾಗಿ ನೇರಳೆಗೇ ತಿರುಗುತ್ತದೆ. ಬಣ್ಣದ ನೀರನ್ನು ಬಿಸಿಲಿಗೆ ಇಟ್ಟರೆ ಶುದ್ಧ ನೀಲಿ ಬರುತ್ತದೆ ಎಂದು ಇಸ್ರೇಲಿನ ರಸಾಯನ ವಿಜ್ಞಾನಿ ಓಟ್ಟೋ ಎಲ್ಸ್ನರ್ 1980ರ ದಶಕದಲ್ಲಿ ಕಂಡುಕೊಂಡರು. ತಿಮ್ನಾ ಕಣಿವೆಯಲ್ಲಿ ಸಿಕ್ಕ, ಕ್ರಿ.ಪೂ. 1000ದ ಸುಮಾರಿನ ನೇರಳೆ ಉಣ್ಣೆಯ ಚೂರುಗಳ ಸುದ್ದಿ 2021ರಲ್ಲಿ ಬಂತು. ಫೋಟೋ ನೋಡಿ. ಮೂರು ಸಾವಿರ ವರ್ಷ ಆದ ಬಣ್ಣ ಅಂತ ನಂಬುವುದು ಕಷ್ಟ.

ಇನ್ನೊಂದು ವಿಷಯ. ಯೆಹೂದಿ ಪರಂಪರೆಯ ಪ್ರಕಾರ ಬಣ್ಣದ ಎಳೆಗಳು ಉಣ್ಣೆಯವು, ಬಿಳಿ ನಾರಿನದು. ಉಣ್ಣೆ, ನಾರು ಬೆರೆಸಿದ ಬಟ್ಟೆ ಉಡಬಾರದು ಅಂತ ಧರ್ಮೋಪದೇಶಕಾಂಡ 22:11 ಎಲ್ಲರಿಗೂ ಹೇಳುತ್ತದೆ. ಯಾಜಕನ ಮೈಮೇಲೆ ಇರುವುದು ಅದೇ ಬೆರಕೆ. ಜನರಿಗೆ ನಿಷೇಧ ಇರುವುದು ಅದು ಕೆಟ್ಟದ್ದು ಅಂತಲ್ಲ, ಅದು ಮೀಸಲು ಅಂತ. ಮುಂದಿನ ವಚನದಲ್ಲೇ ಬಟ್ಟೆಯ ನಾಲ್ಕು ಮೂಲೆಗೆ ಕುಚ್ಚು ಕಟ್ಟಿಕೊಳ್ಳಿ ಎಂದಿದೆ. ಆ ಕುಚ್ಚಿಗೆ ಒಂದು ನೀಲಿ ದಾರ ಇರಬೇಕು ಅಂತ ಅರಣ್ಯಕಾಂಡ 15:38 ಸೇರಿಸುತ್ತದೆ. ಯಾಜಕನ ಬಟ್ಟೆಯ ಒಂದು ಎಳೆ ಪ್ರತಿಯೊಬ್ಬ ಕುರಿ ಕಾಯುವವನ ಅಂಚಿಗೂ ಬಂತು ಎಂದು ಬೈಬಲ್ ವಿದ್ವಾಂಸ ಜೇಕಬ್ ಮಿಲ್ಗ್ರೋಮ್ ಇದನ್ನು ಓದಿದ್ದರು. ನನ್ನ ನೂಲು ಹತ್ತಿಯದು, ಹಾಗಾಗಿ ಈ ಗೊಡವೆ ನನಗಿಲ್ಲ!

ಆಗಸ್ಟ್

ನಿಲುವಂಗಿ ಆಯಿತು. ಪೂರ್ತಿ ನೀಲಿ, ತಲೆ ತೂರಿಸಲು ನಡುವೆ ಒಂದೇ ಕಂಡಿ, ಅದು ಹರಿಯದಂತೆ ಸುತ್ತ ಗಟ್ಟಿ ಪಟ್ಟಿ. ಹೊಲಿಗೆಯಲ್ಲಿ ಕಷ್ಟ ಏನಿಲ್ಲ. ಕೆಲಸ ಇರುವುದು ಕೆಳ ಅಂಚಿನಲ್ಲಿ. ಒಂದು ದಾಳಿಂಬೆ, ಒಂದು ಗೆಜ್ಜೆ, ಮತ್ತೆ ದಾಳಿಂಬೆ, ಹೀಗೆ ಸುತ್ತಲೂ. ಎಷ್ಟು ಅಂತ ಬೈಬಲ್ ಹೇಳುವುದಿಲ್ಲ. ತಾಲ್ಮುದಿನಲ್ಲಿ 72 ಗೆಜ್ಜೆ ಎನ್ನುವವರೂ ಇದ್ದಾರೆ, 36 ಎನ್ನುವವರೂ ಇದ್ದಾರೆ. ನನ್ನ ಗೊಂಬೆಗೆ 36ರವರ ಮಾತೇ ಅನುಕೂಲ.

ಸೀರೆಗೆ ಕುಚ್ಚು ಹಾಕಿ ಅಭ್ಯಾಸ ಇರುವುದರಿಂದ ದಾಳಿಂಬೆ ಬೇಗ ಬೇಗ ಆದವು. ಮೂರು ಬಣ್ಣದ ನೂಲು, ಒಳಗೆ ಹತ್ತಿ, ಕ್ರೋಶಾ ಕಡ್ಡಿಯಲ್ಲಿ ದುಂಡಗೆ ಹೆಣೆದು ಕೊನೆಯಲ್ಲಿ ಹಣ್ಣಿನ ಕಿರೀಟ ಬಿಡಿಸುವುದು. ಇಲ್ಲೊಂದು ಹಳೆಯ ಜಗಳವಿದೆ. 11ನೇ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರ ರಾಶಿ (ಹೆಸರೇ ಹಾಗೆ) ಗೆಜ್ಜೆಗಳು ದಾಳಿಂಬೆಗಳ ನಡುವೆ ಇದ್ದವು ಅನ್ನುತ್ತಾರೆ. 13ನೇ ಶತಮಾನದ ಸ್ಪೇನಿನ ನಹ್ಮಾನಿಡಿಸ್, ಇಲ್ಲ, ದಾಳಿಂಬೆ ಟೊಳ್ಳು, ಗೆಜ್ಜೆ ಅದರೊಳಗೆ ಅನ್ನುತ್ತಾರೆ. ಎರಡನ್ನೂ ಮಾಡಿ ನೋಡಿದೆ. ಒಳಗೆ ಕೂರಿಸಿದರೆ ಸದ್ದು ಸತ್ತೇ ಹೋಗುತ್ತದೆ. ನಡುವೆ ಕಟ್ಟಿದರೆ ಗೆಜ್ಜೆಗೆ ಗೆಜ್ಜೆ ತಾಗುವುದಿಲ್ಲ, ಪ್ರತಿಯೊಂದರ ನಾಲಿಗೆಯದಷ್ಟೇ ಸಣ್ಣ ಸದ್ದು ಬರುತ್ತದೆ. ನನ್ನ ವೋಟು ರಾಶಿಗೆ.

ಗೆಜ್ಜೆ ಯಾಕೆ? ಪವಿತ್ರಸ್ಥಳಕ್ಕೆ ಹೋಗುವಾಗಲೂ ಬರುವಾಗಲೂ ಸದ್ದು ಕೇಳಿಸಲಿ, ಅವನು ಸಾಯದಿರಲಿ ಅಂತ. ಇಲ್ಲಿಂದ ಒಂದು ಕಥೆ ಹುಟ್ಟಿದೆ, ಚರ್ಚಿನ ಪ್ರಸಂಗದಲ್ಲಿ ನೀವೂ ಕೇಳಿರುತ್ತೀರಿ. ಮಹಾಯಾಜಕನ ಕಾಲಿಗೆ ಹಗ್ಗ ಕಟ್ಟುತ್ತಿದ್ದರಂತೆ, ಒಳಗೆ ಗೆಜ್ಜೆ ಸದ್ದು ನಿಂತರೆ ಸತ್ತನೆಂದು ತಿಳಿದು ಹೊರಗೆ ಎಳೆಯುತ್ತಿದ್ದರಂತೆ. ಬೈಬಲ್ಲಿನಲ್ಲಿ ಹಗ್ಗವೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಗುಡಾರದ ತೀರಾ ಒಳಗಿನ ಅತಿಪವಿತ್ರ ಸ್ಥಳಕ್ಕೆ ವರ್ಷಕ್ಕೊಮ್ಮೆ ಹೋಗುವ ದಿನ ಅವನ ಮೈಮೇಲೆ ಈ ನಿಲುವಂಗಿಯೇ ಇರುವುದಿಲ್ಲ. ಯಾಜಕಕಾಂಡ 16:4 ಓದಿ: ಬಿಳಿ ನಾರಿನ ಅಂಗಿ, ಚಡ್ಡಿ, ನಡುಕಟ್ಟು, ಮುಂಡಾಸ. ಚಿನ್ನವಿಲ್ಲ, ಗೆಜ್ಜೆಯಿಲ್ಲ. ಮಕ್ಕಳಿಗೆ ಈ ಹಗ್ಗದ ಕಥೆ ನಾನಂತೂ ಹೇಳುವುದಿಲ್ಲ.

ತಾಲ್ಮುದ್ ಒಂದೊಂದು ಬಟ್ಟೆಗೂ ಒಂದೊಂದು ಪಾಪದ ಪ್ರಾಯಶ್ಚಿತ್ತ ಹೇಳುತ್ತದೆ. ಮುಂಡಾಸ ಅಹಂಕಾರಕ್ಕೆ, ನಡುಕಟ್ಟು ಮನಸ್ಸಿನ ಕೆಟ್ಟ ಯೋಚನೆಗೆ. ಗೆಜ್ಜೆಯ ನಿಲುವಂಗಿ ಚಾಡಿಮಾತಿಗೆ, ಸದ್ದಿನ ಪಾಪಕ್ಕೆ ಸದ್ದಿನದೇ ಬಟ್ಟೆ. ನನ್ನ ನಿಯಮದ ಪ್ರಕಾರ ಇದೂ ಹೊರಗಿನಿಂದ ಬಂದದ್ದೇ. ಆದರೂ ಬಿಡಲು ಮನಸ್ಸಿಲ್ಲ, ಬಟ್ಟೆ ಮಾಡುವ ಕೆಲಸವನ್ನು ನೋಡಿಯೇ ಹುಟ್ಟಿದ ಅರ್ಥ ಇದು. ಒಂದನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಗೆಜ್ಜೆಯನ್ನು ಗುಡುಗು, ದಾಳಿಂಬೆಯನ್ನು ಮಿಂಚು, ಹೆಗಲ ಕಲ್ಲುಗಳನ್ನು ಸೂರ್ಯ ಚಂದ್ರ ಅನ್ನುತ್ತಾನೆ. ಅವನು ಯಾಜಕರ ಮನೆತನದವನೇ, ಬಟ್ಟೆಯ ವಿವರಕ್ಕೆ ಅವನನ್ನು ನಂಬುತ್ತೇನೆ. ಈ ಅರ್ಥಗಳು ಮಾತ್ರ ಗ್ರೀಕ್ ಓದುಗರಿಗೆ ಒಪ್ಪಿಸಲು ಹೇಳಿದ ಹಾಗಿವೆ.

ಸೆಪ್ಟೆಂಬರ್

ಎದೆಪದಕ. ಬಟ್ಟೆಯನ್ನು ಎರಡು ಮಡಿಕೆ ಮಾಡಿದ ಚೌಕ, ಒಂದು ಗೇಣು ಉದ್ದ, ಒಂದು ಗೇಣು ಅಗಲ. ನನ್ನ ಅಳತೆಯಲ್ಲಿ 11 ಸೆಂಟಿಮೀಟರ್. ನಾಲ್ಕು ಸಾಲು, ಸಾಲಿಗೆ ಮೂರು ಕಲ್ಲು. ಕಲ್ಲುಗಳ ಹೀಬ್ರೂ ಹೆಸರುಗಳಲ್ಲಿ ಯಾವುದು ಯಾವ ರತ್ನದ್ದು ಅನ್ನುವುದರಲ್ಲಿ ವಿದ್ವಾಂಸರಲ್ಲೇ ಒಮ್ಮತವಿಲ್ಲ, ನಾನು ಬಣ್ಣ ನೋಡಿ ಗಾಜಿನ ಕಲ್ಲು ತಂದೆ. ಕಲ್ಲಿನ ಮೇಲೆ ಇಸ್ರಾಯೇಲಿನ ಹನ್ನೆರಡು ಕುಲಗಳ ಹೆಸರು ಹೀಬ್ರೂವಿನಲ್ಲಿ. ಗಾದ್, ದಾನ್ ಎರಡೇ ಅಕ್ಷರ, ಆರಾಮ. ಬೆನ್ಯಾಮೀನನಿಗೆ ಆರು ಅಕ್ಷರ, ಎರಡು ಸೆಂಟಿಮೀಟರ್ ಕಲ್ಲಿನಲ್ಲಿ ಉಸಿರು ಬಿಗಿಹಿಡಿದು ಬರೆಯಬೇಕು.

ಕೂರಿಸುವಾಗ ಗೊತ್ತಾದ ವಿಷಯವೇ ಈ ತಿಂಗಳ ಲಾಭ. ಪದಕದ ಮೇಲಿನ ಎರಡು ಬಳೆಗೆ ಹೆಣೆದ ಚಿನ್ನದ ಸರಪಣಿ. ಸರಪಣಿಯ ಇನ್ನೊಂದು ತುದಿ ಸಿಕ್ಕಿಸುವುದು ಹೆಗಲ ಮೇಲಿನ ಎರಡು ಕಲ್ಲುಗಳ ಚೌಕಟ್ಟಿಗೆ. ಆ ಎರಡು ಕಲ್ಲಿನಲ್ಲೂ ಅದೇ ಹನ್ನೆರಡು ಹೆಸರು, ಆರು ಆರಾಗಿ, ಹುಟ್ಟಿದ ಕ್ರಮದಲ್ಲಿ. ಕೆಳಗಿನ ಬಳೆಗಳನ್ನು ನೀಲಿ ದಾರದಿಂದ ಏಫೋದಿಗೆ ಬಿಗಿದರೆ ಪದಕ ಅಲ್ಲಾಡುವುದಿಲ್ಲ. ಸುಮ್ನೆ ಓದುವಾಗ ಇದೆಲ್ಲ ಬಳೆ, ಸರಪಣಿ, ದಾರ ಅಂತ ತಲೆ ಚಿಟ್ಟು ಹಿಡಿಸುತ್ತದೆ. ಕಟ್ಟಿ ನೋಡಿದರೆ ಎದೆಯ ಮೇಲಿನ ಹನ್ನೆರಡು ಕಲ್ಲಿನ ಭಾರವೂ ನೇರ ಹೆಗಲಿಗೆ ಹೋಗುತ್ತದೆ. ಹೆಗಲ ಹೆಸರುಗಳು ದೇವರ ಮುಂದೆ ಜ್ಞಾಪಕಕ್ಕೆ, ಎದೆಯ ಹೆಸರುಗಳು ಯಾವಾಗಲೂ ಹೃದಯದ ಮೇಲೆ ಎಂದು ಆ ಅಧ್ಯಾಯವೇ ಹೇಳುತ್ತದೆ. ಹೊರುವವನೂ ಅವನೇ, ಮರೆಯದವನೂ ಅವನೇ.

ಆಮೇಲೆ ಎಲ್ಲ ಬಿಚ್ಚಿ, ಯಾಜಕಕಾಂಡದ 8ನೇ ಅಧ್ಯಾಯದ ಕ್ರಮದಲ್ಲಿ ಮತ್ತೆ ತೊಡಿಸಿ ನೋಡಿದೆ. ಬಿಚ್ಚುವಾಗ ಹೋರ್ ಬೆಟ್ಟದ ಪ್ರಸಂಗ ನೆನಪಾಗದೆ ಇರುತ್ತದಾ? ಆರೋನ ಸಾಯುವ ಮುಂಚೆ ಮೋಶೆ ಅವನ ಬಟ್ಟೆ ತೆಗೆದು ಮಗ ಎಲ್ಲಾಜಾರನಿಗೆ ತೊಡಿಸುತ್ತಾನೆ. ಮನುಷ್ಯ ಹೋದ, ಹುದ್ದೆ ಬಟ್ಟೆಯ ಜೊತೆ ಉಳಿಯಿತು. ಇದು ರೋಮನ್ನರಿಗೂ ಚೆನ್ನಾಗಿ ಗೊತ್ತಿತ್ತು. ಮಹಾಯಾಜಕನ ಉಡುಪನ್ನು ಯೆರೂಸಲೇಮಿನ ಅಂತೋನಿಯ ಕೋಟೆಯಲ್ಲಿ ತಮ್ಮ ವಶದಲ್ಲಿಟ್ಟುಕೊಂಡು, ಹಬ್ಬ ಬಂದಾಗ ಮಾತ್ರ ಕೊಡುತ್ತಿದ್ದರು ಎಂದು ಜೋಸೆಫಸ್ ಬರೆಯುತ್ತಾನೆ. ಕ್ರಿ.ಶ. 36ರ ಸುಮಾರಿಗೆ ಸಿರಿಯದ ಅಧಿಪತಿ ವಿಟೆಲ್ಲಿಯಸ್ ಅದನ್ನು ಯಾಜಕರಿಗೇ ಬಿಟ್ಟುಕೊಟ್ಟ.

ಚಪ್ಪಲಿ ಯಾವಾಗ ಮಾಡ್ತೀರಿ ಅಂತ ಕೆಲವರು ಕೇಳಿದ್ದೀರಿ. ಪಟ್ಟಿಯಲ್ಲಿ ಚಪ್ಪಲಿಯೇ ಇಲ್ಲ. ಯಾಜಕರು ಬರಿಗಾಲಿನಲ್ಲೇ ಸೇವೆ ಮಾಡುತ್ತಿದ್ದರು ಎಂಬುದು ಯೆಹೂದಿ ಪರಂಪರೆ.

ಅಕ್ಟೋಬರ್

ನಡುಕಟ್ಟು ಬಾಕಿ. 12ನೇ ಶತಮಾನದ ಯೆಹೂದಿ ವಿದ್ವಾಂಸ ಮೈಮೊನಿಡಿಸ್ ಹೇಳುವ ಉದ್ದ 32 ಮೊಳ. ನನಗೆ ಅದರ ಅರ್ಧ, ಅಂದರೆ ಏಳು ಮೀಟರಿಗೆ ಕಡಿಮೆಯಿಲ್ಲ. ಅಷ್ಟು ಸುತ್ತಿದ ಮೇಲೆ ಅದರ ಮೇಲೆ ನಿಲುವಂಗಿ ಬರುತ್ತದೆ, ಯಾರಿಗೂ ಕಾಣುವುದಿಲ್ಲ. ಆದರೂ ಪೂರ್ತಿ ಉದ್ದವೇ ಮಾಡುತ್ತೇನೆ. ಯಾಜಕರ ಹಳೆಯ ಚಡ್ಡಿ, ನಡುಕಟ್ಟುಗಳನ್ನು ಹರಿದು ಯೆಹೂದಿಗಳ ಪರ್ಣಶಾಲೆಗಳ ಹಬ್ಬದ ದೊಡ್ಡ ದೀಪಗಳಿಗೆ ಬತ್ತಿ ಮಾಡುತ್ತಿದ್ದರು ಅಂತ ತಾಲ್ಮುದಿನ ಮೂಲಭಾಗವಾದ ಮಿಶ್ನಾದಲ್ಲಿದೆ. ಉಳಿದ ಲಿನನ್ ಚೂರುಗಳನ್ನು ನಾನೂ ಎತ್ತಿಟ್ಟಿದ್ದೇನೆ.

ಹಣೆಯ ಪಟ್ಟಿಗೆ ಹಿತ್ತಾಳೆ ತಗಡು ಬಂದಿದೆ. ಕಿವಿಯಿಂದ ಕಿವಿಗೆ, ಎರಡು ಬೆರಳು ಅಗಲ, ಕಟ್ಟಲು ನೀಲಿ ದಾರ. ಬರಹ "ಯೆಹೋವನಿಗೆ ಮೀಸಲು". ಎರಡು ಸಾಲಲ್ಲಿ ಇತ್ತು ಅಂತ ತಾಲ್ಮುದಿನ ಒಂದು ಮಾತು. ಯೋಸೆಯ ಮಗ ರಬ್ಬಿ ಎಲಿಯೇಜರ್ ಎದ್ದು, ನಾನು ಅದನ್ನು ರೋಮಿನಲ್ಲಿ ನೋಡಿದ್ದೇನೆ, ಒಂದೇ ಸಾಲು ಅನ್ನುತ್ತಾರೆ. ನೋಡಿದವರ ಮಾತಿಗೇ ಬೆಲೆ, ಒಂದೇ ಸಾಲು ಕೆತ್ತಿಸುತ್ತೇನೆ. ನೇಮ್ ಪ್ಲೇಟ್ ಮಾಡುವವರಿಗೆ ಹೀಬ್ರೂ ಅಕ್ಷರದ ನಮೂನೆ ದೊಡ್ಡದಾಗಿ ಬರೆದುಕೊಟ್ಟು ಬಂದೆ. ಬಲದಿಂದ ಎಡಕ್ಕೆ ಅಂತ ಬಾಣದ ಗುರುತನ್ನೂ ಹಾಕಿದ್ದೇನೆ.