ಎಡ ತಿರುವಿನಲ್ಲಿ ಏರುವ ಗುಂಯ್

ಶನಿವಾರ, 8 ನವೆಂಬರ್ 2025
ಶಿವಮೊಗ್ಗ

ಹಳೇ ಕಾರಿನ ಗುಂಯ್ ಸದ್ದಿಗೆ ಇವತ್ತು ಮೂಲ ಸಿಕ್ಕಿತು. ಗಾಡಿ ಐವತ್ತು ದಾಟಿದರೆ ಶುರು, ವೇಗ ಏರಿದ ಹಾಗೆ ಅದೂ ಏರುತ್ತದೆ. ಪಕ್ಕದ ಮನೆಯ ಮಾವ ಆಯುಷ್ಯವೆಲ್ಲ ಅಂಬಾಸಿಡರ್ ಓಡಿಸಿದವರು, ಕೇಳಿದ್ದೇ ತಡ "ಕ್ರಾಸ್ ಹೋಗಿದೆ ಮಾರಾಯ" ಅಂದುಬಿಟ್ಟಿದ್ದರು. ಅಂಬಾಸಿಡರಿಗಾದರೆ ಸರಿ. ಮುಂದಿನ ಚಕ್ರಗಳೇ ಎಳೆಯುವ ನಮ್ಮ ಗಾಡಿಯಲ್ಲಿ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟೇ ಇಲ್ಲ, ಅದರ ಕೀಲಾದ ಕ್ರಾಸ್ ಎಲ್ಲಿಂದ ಬರಬೇಕು?

ಬೆಳಿಗ್ಗೆ ತೀರ್ಥಹಳ್ಳಿ ರಸ್ತೆ ಹಿಡಿದೆವು. ಗಾಜನೂರು ದಾಟಿದ ಮೇಲೆ ಅರವತ್ತಕ್ಕೆ ತಂದು ನ್ಯೂಟ್ರಲ್ ಮಾಡಿದೆ. ಎಂಜಿನ್ ಸದ್ದು ತಗ್ಗಿತು, ಗುಂಯ್ ಹಾಗೇ ಇತ್ತು. ಅಲ್ಲಿಗೆ ಎಂಜಿನ್, ಅದರ ಜೊತೆಗೇ ತಿರುಗುವ ಕ್ಲಚ್, ಗೇರ್‌ಬಾಕ್ಸಿನ ಇನ್‌ಪುಟ್ ಬೇರಿಂಗ್ ಎಲ್ಲ ಬಚಾವ್. ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ದನಿ ಬದಲಾಗದ್ದರಿಂದ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಮೇಲಿನ ಅನುಮಾನವೂ ತೆಳುವಾಯಿತು. ಟೈರಿನ ಸದ್ದಾಗಿದ್ದರೆ ನುಣುಪು ಡಾಂಬರಿಗೊಂದು, ತೇಪೆಗೊಂದು ರಾಗ ಇರುತ್ತಿತ್ತು. ಇದು ಎರಡರಲ್ಲೂ ಒಂದೇ ಶ್ರುತಿ.

ಮಂಡಗದ್ದೆ ಕಡೆಯ ತಿರುವುಗಳು ಈ ಪರೀಕ್ಷೆಗೆ ಹೇಳಿ ಮಾಡಿಸಿದಂಥವು. ಗಾಡಿ ಎಡಕ್ಕೆ ತಿರುಗುವಾಗ ಭಾರ ಬಲಗಡೆಯ ಚಕ್ರದ ಮೇಲೆ ಬೀಳುತ್ತದೆ. ಎಡ ತಿರುವು ಬಂದಾಗೆಲ್ಲ ಸದ್ದು ದಪ್ಪವಾಯಿತು, ಬಲಕ್ಕೆ ಹೊರಳಿದರೆ ತಗ್ಗಿತು. ಅಂದರೆ ಅನುಮಾನ ಬಲ ಚಕ್ರದ ಮೇಲೆ. ಎಡಪಕ್ಕದಲ್ಲಿ ಕೂತ ಹೆಂಡತಿ ಮಾತ್ರ "ನನ್ನ ಕಾಲ ಕೆಳಗೇ ಬರ್ತಿದೆ ಕಣ್ರೀ" ಅಂತ ಹಟ ಹಿಡಿದಳು. ತಗಡಿನ ಮೈಯೆಲ್ಲ ಸದ್ದು ಹರಡುವುದರಿಂದ ಒಳಗೆ ಕೂತವರ ಕಿವಿಗೆ ದಿಕ್ಕು ಸಿಗುವುದಿಲ್ಲ.

ಗ್ಯಾರೇಜಿನಲ್ಲಿ ಮೇಸ್ತ್ರಿ ಜಾಕ್ ಏರಿಸಿ ಚಕ್ರ ಹಿಡಿದು ಅಲ್ಲಾಡಿಸಿದರು. ಸಡಿಲವೇನೂ ಇರಲಿಲ್ಲ. ಆಮೇಲೆ ಚಕ್ರ ತಿರುಗಿಸುತ್ತಾ "ಸಾರ್, ಸ್ಪ್ರಿಂಗ್ ಮೇಲೆ ಕೈ ಇಡಿ" ಅಂದರು. ಬಲಗಡೆ ಮರಳು ಅರೆದಂತೆ ಗರಗರ, ಎಡಗಡೆ ಏನೂ ಇಲ್ಲ. ಬಲ ಮುಂದಿನ ಚಕ್ರ ನುಣ್ಣಗೆ ತಿರುಗಲು ಇರುವ ವೀಲ್ ಬೇರಿಂಗೇ ಹೋಗಿದೆ, ಸಂಶಯವೇ ಇಲ್ಲ.

ಎಡಗಡೆ ಬೇರೆ ಕಥೆ. ಚಕ್ರ ಹೊರಳಿದಾಗಲೂ ಅದಕ್ಕೆ ಶಕ್ತಿ ತಲುಪಿಸುವ ಕೀಲಾದ ಸಿವಿ ಜಾಯಿಂಟಿನ ರಬ್ಬರ್ ಬೂಟ್, ಅಂದರೆ ಗ್ರೀಸ್ ತಡೆಯುವ ಕವಚ, ಸೀಳಿ, ರಿಮ್ಮಿನ ಒಳಬದಿಗೆಲ್ಲ ಗ್ರೀಸ್ ಎರಚಿತ್ತು. ಗ್ಯಾರೇಜಿನ ಹಿಂದಿನ ಬಯಲಿನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿದೆವು, ಎರಡೂ ಕಡೆಗೆ. ಜಾಯಿಂಟ್ ಸವೆದಿದ್ದರೆ ಟಕ್ ಟಕ್ ಅನ್ನಬೇಕು. ಅನ್ನಲಿಲ್ಲ. ತೊಳೆದು, ಹೊಸ ಗ್ರೀಸ್ ತುಂಬಿ, ಬೂಟ್ ಬದಲಿಸಿದರೆ ಸಾಕಂತೆ.

ಬೇರಿಂಗನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸುವವರೂ ಇದ್ದಾರೆ, ಅಂಥ ಬೇರಿಂಗ್ ಬಹಳ ದಿನ ಬಾಳುವುದಿಲ್ಲ. ನಮ್ಮ ಮೇಸ್ತ್ರಿ ಚಕ್ರ ಕೂರುವ ಹಬ್ ಬಿಚ್ಚಿ, ಬೇರಿಂಗನ್ನು ಸಮನಾಗಿ ಒತ್ತಿ ಕೂರಿಸುವ ಲೇಥ್ ಅಂಗಡಿಯ ಪ್ರೆಸ್‌ಗೆ ಕಳಿಸುತ್ತಾರೆ. ಆ ಅಂಗಡಿಗೆ ನಾಳೆ ರಜೆ. ಗಾಡಿ ಅಲ್ಲೇ ಬಿಟ್ಟು ಆಟೋದಲ್ಲಿ ಬಂದೆವು.